ಮಾಳಿಗೆ ಹತ್ತಿ ನೋಡದವರಿಗೆ ಮುಂಗಡ ಬೇಡ: ಮನೆಗೆ ಸೋಲಾರ್ ಹಾಕಿಸುವವರಿಗೊಂದು ಮಾರ್ಗದರ್ಶಿ

ರಾಯಚೂರಿನ ನಮ್ಮ ಮನೆಗೆ ಸೋಲಾರ್ ಹಾಕಿಸಬೇಕೆಂದು 2024ರ ದೀಪಾವಳಿಯ ಹೊತ್ತಿಗೆ ಮೂರು ಏಜೆನ್ಸಿಗಳನ್ನು ವಿಚಾರಿಸಿದ್ದೆ. ಎರಡು ಏಜೆನ್ಸಿಯವರು ಫೋನಿನಲ್ಲೇ ಬೆಲೆ ಹೇಳಿದರು. ಮೂರನೆಯವರು ಸಂಜೆ ನಾಲ್ಕಕ್ಕೆ ಮನೆಗೆ ಬಂದು, ಮಾಳಿಗೆ ಹತ್ತಿ, ಹತ್ತು ನಿಮಿಷ ಸುಮ್ಮನೆ ಸುತ್ತಲೂ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: “ಪಕ್ಕದ ಮನೆಯ ಬೇವಿನ ಮರದ ನೆರಳು ಸಂಕ್ರಾಂತಿಯ ಹೊತ್ತಿಗೆ ಎಲ್ಲಿಯವರೆಗೆ ಬರುತ್ತದೆ, ಸರ್?” ಆರು ವರ್ಷದಿಂದ ಆ ಮನೆಯಲ್ಲಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ. ಅವರ ಬೆಲೆ ಉಳಿದಿಬ್ಬರಿಗಿಂತ 18,000 ರೂಪಾಯಿ ಹೆಚ್ಚಿತ್ತು. ಕೆಲಸ ಅವರಿಗೇ ಕೊಟ್ಟೆ.

ಹಾಗೆ ಕೊಡಲು ಇನ್ನೊಂದು ಕಾರಣವೂ ಇತ್ತು. ಸಿಂಧನೂರಿನಲ್ಲಿರುವ ನಮ್ಮ ಕಾಕಾ ಅದೇ ವರ್ಷದ ಬೇಸಿಗೆಯಲ್ಲಿ, ಎಲ್ಲರಿಗಿಂತ ಕಡಿಮೆ ಹೇಳಿದವರಿಂದ ಹಾಕಿಸಿಕೊಂಡಿದ್ದರು. ಸ್ಟ್ಯಾಂಡಿನ ಕಾಲು ನಿಲ್ಲಿಸಲು ಛಾವಣಿಯಲ್ಲಿ ಕೊರೆದ ರಂಧ್ರಗಳನ್ನು ಸರಿಯಾಗಿ ಮುಚ್ಚಿರಲಿಲ್ಲ. ಮುಂಗಾರಿನ ಎರಡನೆಯ ಮಳೆಗೆ ಮಲಗುವ ಕೋಣೆಯ ಗೋಡೆ ತೊಯ್ದಿತು. ಫೋನ್ ಮಾಡಿದರೆ “ಬೇರೆ ಊರಿನಲ್ಲಿ ಕೆಲಸ ನಡೆದಿದೆ, ಮುಂದಿನ ವಾರ ಬರುತ್ತೇವೆ” ಎಂಬ ಉತ್ತರ. ಆ ಮುಂದಿನ ವಾರ ಬರಲೇ ಇಲ್ಲ. ಕೊನೆಗೆ ಕಾಕಾ ಗೌಂಡಿಯನ್ನು ಕರೆಸಿ ತಾವೇ ದುಡ್ಡು ಹಾಕಿ ಸರಿಪಡಿಸಿಕೊಂಡರು.

ಸೋಲಾರ್ ಎಂದರೆ ಫ್ರಿಜ್ಜು, ಟಿವಿ ಕೊಂಡಂತಲ್ಲ. ಪ್ಯಾನೆಲ್ 25 ವರ್ಷ ಮಾಳಿಗೆಯ ಮೇಲೆ ಬಿಸಿಲಿಗೆ, ಗಾಳಿಮಳೆಗೆ ಮೈಯೊಡ್ಡಿ ನಿಲ್ಲಬೇಕು. ಹಾಗಾಗಿ ನೀವು ಆರಿಸಬೇಕಾದದ್ದು ಪ್ಯಾನೆಲ್ ಅಲ್ಲ, ಅದನ್ನು ನಿಲ್ಲಿಸುವ ಮತ್ತು ಕೆಟ್ಟಾಗ ಬರುವ ಮನುಷ್ಯರನ್ನು. ನಾನು ಕಲಿತದ್ದನ್ನು ಕಲಿತ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತೇನೆ.

ಮೊದಲ ಹೆಜ್ಜೆ: ಹನ್ನೆರಡು ತಿಂಗಳ ಬಿಲ್ ಎದುರಿಗಿಟ್ಟುಕೊಳ್ಳಿ

ಏಜೆನ್ಸಿಗೆ ಫೋನ್ ಮಾಡುವ ಮೊದಲು ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಹಿಂದಿನ ಒಂದು ವರ್ಷದ ಬಿಲ್ಲುಗಳನ್ನು ತೆಗೆಯಿರಿ. ಕಳೆದುಹೋಗಿದ್ದರೆ ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಸಂಖ್ಯೆ) ಹೇಳಿ ವಿಚಾರಿಸಿ. ಒಂದು ಹಾಳೆಯಲ್ಲಿ ತಿಂಗಳು, ಯೂನಿಟ್, ಕಟ್ಟಿದ ಹಣ ಎಂದು ಮೂರು ಕಾಲಂ ಬರೆದುಕೊಳ್ಳಿ. ನಮ್ಮ ಭಾಗದಲ್ಲಿ ಒಂದೇ ತಿಂಗಳ ಬಿಲ್ ನೋಡಿ ಲೆಕ್ಕ ಹಾಕುವುದು ದೊಡ್ಡ ತಪ್ಪು. ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್, ಎಸಿ ಓಡಿ 400 ಯೂನಿಟ್ ದಾಟುವ ಮನೆ ಡಿಸೆಂಬರ್‌ನಲ್ಲಿ 150ಕ್ಕೆ ಇಳಿಯುತ್ತದೆ. ಬೇಸಿಗೆಯ ಬಿಲ್ ತೋರಿಸಿ ಕೇಳಿದರೆ ಏಜೆನ್ಸಿಯವರು ಸಹಜವಾಗಿಯೇ 5 ಕಿಲೋವ್ಯಾಟ್ ಬೇಕು ಎನ್ನುತ್ತಾರೆ.

ಇಲ್ಲಿಯೇ ಗೃಹಜ್ಯೋತಿಯ ಮಾತೂ ಬರಬೇಕು, ಏಕೆಂದರೆ ಮಾರಲು ಬಂದವರು ಇದನ್ನು ತಾವಾಗಿ ಎತ್ತುವುದಿಲ್ಲ. 2023ರಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ, 2022–23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಉಚಿತ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಹಾಳೆಯಲ್ಲಿ ಹನ್ನೆರಡೂ ತಿಂಗಳು ಸೊನ್ನೆ ಇದ್ದರೆ ಸೋಲಾರ್‌ನಿಂದ ಉಳಿಯುವುದೂ ಸೊನ್ನೆಯೇ. ವರ್ಷಕ್ಕೆ ಮೂರು ತಿಂಗಳು ಮಾತ್ರ 280 ಯೂನಿಟ್ ಆಗಿ ಬಿಲ್ ಕಟ್ಟುವ ಮನೆ ಎಂದುಕೊಳ್ಳೋಣ. ಆ 840 ಯೂನಿಟ್‌ಗೆ ಕಟ್ಟುವುದು ಸುಮಾರು 5,500 ರೂಪಾಯಿ. 2 ಕಿಲೋವ್ಯಾಟ್ ಹಾಕಿಸಿ ಸಬ್ಸಿಡಿ ಕಳೆದು ಕೈಯಿಂದ 70,000 ಹೋದರೆ, ಅದು ಹಿಂತಿರುಗಲು ಹದಿಮೂರು ವರ್ಷ ಬೇಕು. ಅಂಥವರಿಗೆ ನಾನು ಸದ್ಯಕ್ಕೆ ಬೇಡ ಎಂದೇ ಹೇಳುತ್ತೇನೆ. ತಿಂಗಳಿಗೆ ಸರಾಸರಿ 250–300 ಯೂನಿಟ್ ಬಳಸಿ ಪ್ರತಿ ತಿಂಗಳೂ ಬಿಲ್ ಕಟ್ಟುವವರು ಧೈರ್ಯವಾಗಿ ಮುಂದೆ ಓದಬಹುದು.

ಎಷ್ಟು ದೊಡ್ಡದು ಬೇಕು ಎಂಬುದಕ್ಕೆ ಒರಟು ಲೆಕ್ಕ ಸಾಕು. 1 ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ 3 ಕಿಲೋವ್ಯಾಟ್‌ಗೆ ತಿಂಗಳಿಗೆ ಸುಮಾರು 360. ನಮ್ಮ ಮನೆಯಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ದಿನಕ್ಕೆ 14 ಯೂನಿಟ್ ಬರುತ್ತದೆ, ಜುಲೈ, ಆಗಸ್ಟ್‌ನ ಮೋಡದಲ್ಲಿ 8–9ಕ್ಕೆ ಇಳಿಯುತ್ತದೆ. ಕಾಯುವ ಬಿಸಿಲಿಗೆ ಮೇ ತಿಂಗಳೇ ಎಲ್ಲಕ್ಕಿಂತ ಹೆಚ್ಚು ಕೊಡಬೇಕಲ್ಲವೇ ಎಂದು ನಾನೂ ಅಂದುಕೊಂಡಿದ್ದೆ. ಹಾಗಾಗುವುದಿಲ್ಲ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಕಡಿಮೆಯಾಗುತ್ತದೆ. 42 ಡಿಗ್ರಿ ಬಿಸಿಲಿನಲ್ಲಿ ಪ್ಯಾನೆಲ್‌ನ ಮೈ 65 ಡಿಗ್ರಿ ಮುಟ್ಟಿದಾಗ ಹತ್ತಿರ ಹತ್ತಿರ ಏಳನೇ ಒಂದು ಭಾಗ ಖೋತಾ. “ನಿಮ್ಮ ಊರಿನ ಬಿಸಿಲಿಗೆ ದಿನಕ್ಕೆ ಕಿಲೋವ್ಯಾಟ್‌ಗೆ 6 ಯೂನಿಟ್ ಬರುತ್ತದೆ” ಎನ್ನುವವರಿದ್ದರೆ ಅವರ ಉಳಿದ ಮಾತುಗಳನ್ನೂ ಎರಡು ಸಲ ಯೋಚಿಸಿ ನಂಬಿ.

ಎರಡನೆಯದು: ನಿಮ್ಮ ಮಾಳಿಗೆ, ನಿಮ್ಮ ಕಾಗದ

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ನೆರಳಿನ ವಿಷಯದಲ್ಲಿ ಉದಾಸೀನ ಮಾಡಬೇಡಿ, ಎಲ್ಲೆಲ್ಲಿ ಬೀಳುತ್ತದೆ ಎಂದು ಹುಡುಕಿ ನೋಡಿ. ಪ್ಯಾನೆಲ್‌ಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದರ ಮೇಲೆ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಪೆಟ್ಟು ತಿನ್ನುತ್ತದೆ. ಡಿಸೆಂಬರ್ ಕೊನೆಯಲ್ಲಿ ರಾಯಚೂರಿನ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ಎಷ್ಟು ವಾಲಿರುತ್ತಾನೆ ಎಂದರೆ, ಆರು ಅಡಿ ಎತ್ತರದ ಟ್ಯಾಂಕಿನ ನೆರಳು ಉತ್ತರಕ್ಕೆ ಐದಡಿ ಚಾಚುತ್ತದೆ, ಬೆಳಿಗ್ಗೆ ಸಂಜೆ ಅದಕ್ಕಿಂತ ಬಹಳ ಉದ್ದ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಅದೇ ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕಿರುತ್ತಾನೆ, ನಡುಹಗಲಿನ ನೆರಳು ದಕ್ಷಿಣಕ್ಕೆ ತಿರುಗುತ್ತದೆ. ಮೂರನೆಯ ಏಜೆನ್ಸಿಯವರು ಸಂಕ್ರಾಂತಿಯ ನೆರಳನ್ನೇ ಕೇಳಿದ್ದು ಇದಕ್ಕಾಗಿ. ನಿಮ್ಮ ಟ್ಯಾಂಕ್ ದಕ್ಷಿಣ ಮೂಲೆಯಲ್ಲಿದ್ದರೆ ಅದನ್ನು ಉತ್ತರಕ್ಕೆ ಸರಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿಯ ಆಸುಪಾಸಿನಲ್ಲಿ ಇಳಿಜಾರಾಗಿರಬೇಕು.

ಛಾವಣಿ ಆರ್‌ಸಿಸಿಯಾಗಿದ್ದು ಗಟ್ಟಿಯಿದ್ದರೆ ತೊಂದರೆಯಿಲ್ಲ. ಹಳೆಯ ಪೇಟೆ ಮನೆಗಳ ಮಣ್ಣಿನ ಮಾಳಿಗೆ, ತೊಲೆ ಜಂತೆಯ ಮೇಲೆ ಪರಸಿ ಹಾಸಿದ ಮಾಳಿಗೆ ಇದ್ದರೆ ಮೊದಲು ಅನುಭವಿ ಇಂಜಿನಿಯರ್ ನೋಡಲಿ. ಸ್ಟ್ಯಾಂಡಿನ ಭಾರಕ್ಕಿಂತ ಗಾಳಿ ಎತ್ತುವ ಸೆಳೆತ ದೊಡ್ಡದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಗಾಳಿಗೆ ನಮ್ಮ ಕಡೆ ತಗಡುಗಳು ಹಾರುವುದನ್ನು ಎಲ್ಲರೂ ಕಂಡಿದ್ದೇವೆ.

ಇನ್ನೊಂದು ವಿಷಯ ನಮ್ಮ ಭಾಗಕ್ಕೇ ಸೇರಿದ್ದು. ಬೇಸಿಗೆಯ ರಾತ್ರಿ ನಾವು ಮಾಳಿಗೆಯ ಮೇಲೆ ಮಲಗುವವರು. ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಒಣಗುವುದೂ ಅಲ್ಲೇ. ನೆಲಕ್ಕೆ ಅಂಟಿದಂತೆ ಪ್ಯಾನೆಲ್ ಕೂರಿಸಿದರೆ ಮುನ್ನೂರು ಚದರ ಅಡಿ ಶಾಶ್ವತವಾಗಿ ಹೋಯಿತು. ಏಳೆಂಟು ಅಡಿ ಎತ್ತರದ ಕಂಬಗಳ ಮೇಲೆ ನಿಲ್ಲಿಸಿದರೆ ಕೆಳಗೆ ಓಡಾಡಬಹುದು, ಗಾಳಿಯಾಡಿ ಪ್ಯಾನೆಲ್ ತಣ್ಣಗಿರುತ್ತದೆ, ಕೆಳಗಿನ ಕೋಣೆಗೂ ನೆರಳಾಗುತ್ತದೆ. ಮೂರನೆಯ ಏಜೆನ್ಸಿಯವರ ಕೊಟೇಶನ್‌ನಲ್ಲಿ ಇದಕ್ಕೆ 25,000 ರೂಪಾಯಿ ಹೆಚ್ಚಿಗೆ ಇತ್ತು. ಕೊಟ್ಟದ್ದಕ್ಕೆ ಒಂದು ದಿನವೂ ಬೇಸರವಾಗಿಲ್ಲ. ನಮ್ಮ ಅವ್ವ ಈಗಲೂ ಪ್ಯಾನೆಲ್ ನೆರಳಿನಲ್ಲಿ ಕುಳಿತು ಕಾಳು ಹಸನು ಮಾಡುತ್ತಾರೆ.

ಕಾಗದದ ವಿಷಯಕ್ಕೆ ಬಂದರೆ, ವಿದ್ಯುತ್ ಸಂಪರ್ಕ ಯಾರ ಹೆಸರಿನಲ್ಲಿದೆ ಎಂದು ಬಿಲ್ಲಿನಲ್ಲಿ ನೋಡಿ. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಬಿಲ್ ಬರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅರ್ಜಿ, ಬ್ಯಾಂಕ್ ಖಾತೆ, ಬಿಲ್ ಈ ಮೂರರಲ್ಲೂ ಹೆಸರು ಹೊಂದಬೇಕು, ಇಲ್ಲವಾದರೆ ಸಬ್ಸಿಡಿ ನಡುವೆ ಸಿಕ್ಕಿಕೊಳ್ಳುತ್ತದೆ. ಹೆಸರು ಬದಲಾವಣೆಯನ್ನು ಜೆಸ್ಕಾಂನಲ್ಲಿ ಮೊದಲೇ ಮುಗಿಸಿಕೊಳ್ಳಿ.

ಮೂರನೆಯದು: ಏಜೆನ್ಸಿಗಳನ್ನು ಹುಡುಕುವುದು

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಬೇಕೆಂದರೆ, ಆ ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆನ್ಸಿಯಿಂದಲೇ ಹಾಕಿಸಬೇಕು. ಪೋರ್ಟಲ್‌ನಲ್ಲಿ ರಾಜ್ಯ, ಜಿಲ್ಲೆ ಆರಿಸಿದರೆ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಹೆಸರಿರುವುದು ಅರ್ಹತೆಯಷ್ಟೇ, ಒಳ್ಳೆಯ ಕೆಲಸದ ಖಾತರಿಯಲ್ಲ. ಅದರಿಂದ ಮೂರು ಹೆಸರು ಆರಿಸಿಕೊಳ್ಳಿ, ಕನಿಷ್ಠ ಇಬ್ಬರ ಕಚೇರಿ ನಿಮ್ಮ ಜಿಲ್ಲೆಯಲ್ಲೇ ಇರಲಿ. ಬಳ್ಳಾರಿಯಲ್ಲಿದ್ದು ಬೆಂಗಳೂರಿನ ಏಜೆನ್ಸಿಯನ್ನು ನೆಚ್ಚಿಕೊಂಡರೆ, ಒಂದು ಫ್ಯೂಸ್ ಹೋದಾಗ ಬರುವವರು ಮುನ್ನೂರು ಕಿಲೋಮೀಟರ್ ದೂರದಿಂದ ಬರಬೇಕು. ಹೊರಗಿನ ದೊಡ್ಡ ಕಂಪನಿಯವರಾದರೆ ಒಂದೇ ಪ್ರಶ್ನೆ ಕೇಳಿ: ಕೊಪ್ಪಳದಲ್ಲಿ, ರಾಯಚೂರಿನಲ್ಲಿ ನಿಮ್ಮ ಪರವಾಗಿ ಮಾಳಿಗೆ ಹತ್ತುವವರು ಯಾರು, ಅವರ ನಂಬರ್ ಕೊಡಿ.

ಆಮೇಲೆ ಅವರು ಹಾಕಿದ ಎರಡು ಮನೆಗಳನ್ನು ತೋರಿಸಲು ಹೇಳಿ. ಹೊಸತಲ್ಲ, ಕನಿಷ್ಠ ಎರಡು ಮಳೆಗಾಲ ಕಂಡದ್ದು. ಹೋಗುವಾಗ ಏಜೆನ್ಸಿಯವರನ್ನು ಜೊತೆಗೆ ಕರೆದುಕೊಳ್ಳದೆ ಒಬ್ಬರೇ ಹೋಗಿ. ಮನೆಯವರು ನೀರು ಕೊಟ್ಟು ಕೂರಿಸಿ ಎಲ್ಲವನ್ನೂ ಹೇಳುತ್ತಾರೆ. ಸಬ್ಸಿಡಿ ಬಂತೇ, ನೆಟ್ ಮೀಟರ್‌ಗೆ (ಲೈನಿಗೆ ಕೊಟ್ಟದ್ದನ್ನೂ ತೆಗೆದುಕೊಂಡದ್ದನ್ನೂ ಎಣಿಸುವ ಮೀಟರ್) ಎಷ್ಟು ದಿನ ಓಡಾಡಿದಿರಿ, ಕೆಟ್ಟಾಗ ಬಂದರೇ ಎಂದು ಕೇಳಿ. ಸ್ಟ್ಯಾಂಡಿನ ಬೆಸುಗೆಯ ಜಾಗದಲ್ಲಿ, ನಟ್ಟು ಬೋಲ್ಟಿನಲ್ಲಿ ತುಕ್ಕು ಕಂಡರೆ ಅಲ್ಲಿಗೇ ನಿಮ್ಮ ತೀರ್ಮಾನ ಆದಂತೆ.

ಗಂಗಾವತಿ, ಆನೆಗೊಂದಿ, ಹಂಪಿಯ ಕಡೆಯವರು ಕೋತಿಗಳ ಬಗ್ಗೆ ಕೇಳುವುದನ್ನು ಮರೆಯಬೇಡಿ. ಕೋತಿ ಹಾರಿದರೆ ಗಾಜು ಸಾಮಾನ್ಯವಾಗಿ ತಡೆಯುತ್ತದೆ, ಅವು ಎಳೆಯುವುದು ಕೆಳಗೆ ಜೋತಾಡುವ ಕೇಬಲ್‌ಗಳನ್ನು. ಕೇಬಲ್‌ಗಳನ್ನೆಲ್ಲ ಪೈಪಿನೊಳಗೆ ಹಾಯಿಸಿ ಬಿಗಿಯಾಗಿ ಕಟ್ಟುವವರು ಬೇಕು.

ನಾಲ್ಕನೆಯದು: ಕೊಟೇಶನ್ ಓದುವುದು

“3 ಕಿಲೋವ್ಯಾಟ್, ಒಟ್ಟು ಇಷ್ಟು” ಎಂಬ ಒಂದು ಸಾಲಿನ ಕೊಟೇಶನ್ ತೆಗೆದುಕೊಳ್ಳಬೇಡಿ. ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟಾಗ ನನಗೆ ಕಂಡದ್ದು ಇಷ್ಟು: ಕಡಿಮೆ ಬೆಲೆಯವರಲ್ಲಿ ಒಬ್ಬರು ಅರ್ಥಿಂಗ್ ಅನ್ನು ಒಂದೇ ಹೊಂಡದಲ್ಲಿ ಮುಗಿಸಿದ್ದರು, ಇನ್ನೊಬ್ಬರು ನೆಟ್ ಮೀಟರ್ ಖರ್ಚನ್ನು ಬಿಟ್ಟಿದ್ದರು, ಇಬ್ಬರೂ ಎತ್ತರದ ಸ್ಟ್ಯಾಂಡನ್ನು ಸೇರಿಸಿರಲಿಲ್ಲ. ಆ ಬಾಬುಗಳನ್ನು ಕೂಡಿಸಿದಾಗ 18,000ದ ವ್ಯತ್ಯಾಸ ಎಲ್ಲಿ ಹೋಯಿತೆಂದು ಹುಡುಕಬೇಕಾಯಿತು.

ಪ್ಯಾನೆಲ್: ಯಾವ ಕಂಪನಿ, ಎಷ್ಟು ವ್ಯಾಟ್, ಎಷ್ಟು ಸಂಖ್ಯೆ ಎಂದು ಬರೆದಿರಬೇಕು. 540 ವ್ಯಾಟ್‌ನವು ಆರು ಇದ್ದರೆ 3.24 ಕಿಲೋವ್ಯಾಟ್. ಹಳೆಯ ಪಾಲಿ ಬಗೆಯ ನೀಲಿ ಪ್ಯಾನೆಲ್ ತೋರಿಸಿದರೆ ಒಪ್ಪಬೇಡಿ, ಈಗ ಮೋನೋ ಪರ್ಕ್ ಮತ್ತು ಟಾಪ್‌ಕಾನ್ ಬಳಕೆಯಲ್ಲಿವೆ. ಟಾಪ್‌ಕಾನ್‌ನಲ್ಲಿ ಬಿಸಿಗೆ ಆಗುವ ಖೋತಾ ಸ್ವಲ್ಪ ಕಡಿಮೆ, ನಮ್ಮ ಬಿಸಿಲಿಗೆ ಅದು ಮುಖ್ಯ. ಎಲ್ಲಕ್ಕಿಂತ ದೊಡ್ಡ ವಿಷಯವೆಂದರೆ, ಸಬ್ಸಿಡಿಗೆ ಡಿಸಿಆರ್ ಪ್ಯಾನೆಲ್ ಕಡ್ಡಾಯ. ಅಂದರೆ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಡಿಸಿಆರ್ ಅಲ್ಲದ ಪ್ಯಾನೆಲ್ ಅಗ್ಗ. ಅದನ್ನು ಹಾಕಿ ಹೋದರೆ 78,000 ರೂಪಾಯಿ ಸಬ್ಸಿಡಿ ಕಳೆದುಕೊಳ್ಳುವವರು ನೀವು. “ಡಿಸಿಆರ್ ಪ್ರಮಾಣಪತ್ರ ಕೊಡುತ್ತೇವೆ” ಎಂದು ಕೊಟೇಶನ್‌ನಲ್ಲೇ ಬರೆಸಿ.

ಇನ್ವರ್ಟರ್: ಇದು ಮನೆಯಲ್ಲಿರುವ ಬ್ಯಾಟರಿಯ ಯುಪಿಎಸ್ ಅಲ್ಲ. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆ ಬಳಕೆಯ ಎಸಿ ಕರೆಂಟಿಗೆ ತಿರುಗಿಸಿ ಜೆಸ್ಕಾಂ ಲೈನಿಗೆ ಹೊಂದಿಸುವ ಯಂತ್ರ. ಇಡೀ ವ್ಯವಸ್ಥೆಯಲ್ಲಿ ಮೊದಲು ಕೆಡುವುದು ಇದೇ. ಎಷ್ಟು ವರ್ಷದ ವಾರಂಟಿ, ಕೆಟ್ಟರೆ ದುರಸ್ತಿಗೆ ಎಲ್ಲಿಗೆ ಕಳುಹಿಸುತ್ತಾರೆ ಎಂದು ಕೇಳಿ. ಅದನ್ನು ಬಿಸಿಲು ಬೀಳುವ ಗೋಡೆಗೆ ಕೂರಿಸಲು ಬಿಡಬೇಡಿ.

ಸ್ಟ್ಯಾಂಡು, ಕೇಬಲ್, ಅರ್ಥಿಂಗ್: ಸ್ಟ್ಯಾಂಡು ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಜಿಐ ಆಗಿರಲಿ, ಬೆಳ್ಳಿ ಬಣ್ಣ ಬಳಿದ ಮಾಮೂಲಿ ಕಬ್ಬಿಣವಲ್ಲ. ಡಿಸಿ ಕೇಬಲ್ ಬಿಸಿಲು ತಡೆಯುವ ಸೋಲಾರ್ ಕೇಬಲ್ಲೇ ಇರಬೇಕು. ಅರ್ಥಿಂಗ್ ಹೊಂಡ ಮೂರು ಬೇಕು: ಡಿಸಿಗೊಂದು, ಎಸಿಗೊಂದು, ಸಿಡಿಲು ತಡೆಯುವ ಕಡ್ಡಿಗೊಂದು. ಹೊಲದಲ್ಲಿ, ಮರದಡಿಯಲ್ಲಿ ಸಿಡಿಲು ಬಡಿದ ಸುದ್ದಿ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಪ್ರತಿ ಬೇಸಿಗೆ ಓದುತ್ತೇವೆ. ಇಲ್ಲಿ ಉಳಿಸಿದ ಎರಡು ಮೂರು ಸಾವಿರ ಉಳಿತಾಯವಲ್ಲ.

ವಾರಂಟಿ ಎಂಬ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ಭರವಸೆಗಳಿವೆ. 25 ವರ್ಷ ಎಂದು ದೊಡ್ಡದಾಗಿ ಹೇಳುವುದು ಪ್ಯಾನೆಲ್‌ನ ಉತ್ಪಾದನೆ ಇಂತಿಷ್ಟಕ್ಕಿಂತ ಕೆಳಗಿಳಿಯುವುದಿಲ್ಲ ಎಂಬ ಭರವಸೆ. ಪ್ಯಾನೆಲ್ ವಸ್ತುವಿನ ದೋಷಕ್ಕೆ ಸಾಮಾನ್ಯವಾಗಿ 10–12 ವರ್ಷ, ಇನ್ವರ್ಟರ್‌ಗೆ 5ರಿಂದ 10. ಈ ಮೂರೂ ತಯಾರಿಸಿದ ಕಂಪನಿಯವು. ಏಜೆನ್ಸಿಯದೇ ಹೊಣೆ ಎಂದರೆ ಯೋಜನೆಯ ನಿಯಮದಂತೆ 5 ವರ್ಷದ ನಿರ್ವಹಣೆ. ಛಾವಣಿ ಸೋರಿದರೆ ಸರಿಪಡಿಸುವ ಮಾತು ಈ ಯಾವುದರಲ್ಲೂ ಇರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬರೆಸಿ. ಕಾಕಾ ಬರೆಸಿರಲಿಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ?

ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹಾಕಿಸಿಕೊಂಡವರಲ್ಲಿ ಅರ್ಧ ಜನರಿಗೆ ಇದು ಗೊತ್ತಾಗುವುದು ಮೊದಲ ಸಲ ಲೈನ್ ಹೋದ ದಿನ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್, ಜೆಸ್ಕಾಂ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಬಿಸಿಲು ಕಾಯುತ್ತಿದ್ದರೂ ಫ್ಯಾನ್ ತಿರುಗುವುದಿಲ್ಲ. ಇದು ದೋಷವಲ್ಲ. ಲೈನ್ ಬಂದ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟ್ ಹೊಡೆಯಬಾರದು ಎಂದು ಹಾಗೆ ಮಾಡಿದ್ದಾರೆ. ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದನ್ನು ಹಾಗೇ ಇಟ್ಟುಕೊಳ್ಳಿ, ಎರಡೂ ಜೊತೆಗೆ ನಡೆಯುತ್ತವೆ. ಬ್ಯಾಟರಿ ಸಮೇತ ಹೈಬ್ರಿಡ್ ಬೇಕೆಂದರೆ ಖರ್ಚು ಬಹಳ ಏರುತ್ತದೆ, ಬ್ಯಾಟರಿಗೆ ಸಬ್ಸಿಡಿ ಇಲ್ಲ. ದಿನಕ್ಕೆ ಒಂದೆರಡು ಗಂಟೆ ಕರೆಂಟ್ ಹೋಗುವ ಮನೆಗೆ ಹಳೆಯ ಯುಪಿಎಸ್ಸೇ ಸಾಕು ಎಂಬುದು ನನ್ನ ಅಭಿಪ್ರಾಯ.

ಐದನೆಯದು: ಹಣದ ಲೆಕ್ಕ

ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಮೇಲೆ ಎಷ್ಟೇ ಇದ್ದರೂ 78,000 ರೂಪಾಯಿ. ವಾಸದ ಮನೆಗೆ ಮಾತ್ರ, ಅಂಗಡಿಗೆ, ಗೋದಾಮಿಗೆ ಇಲ್ಲ. ಮೂರರ ನಂತರ ಸಬ್ಸಿಡಿ ಬೆಳೆಯುವುದಿಲ್ಲವಾದ್ದರಿಂದ ಹೆಚ್ಚಿನ ಮನೆಗಳಿಗೆ 3 ಕಿಲೋವ್ಯಾಟೇ ಸರಿಯಾದ ಜಾಗ.

ನಮ್ಮ ಮನೆಯ ಲೆಕ್ಕ ಹೀಗಿತ್ತು. ಎತ್ತರದ ಸ್ಟ್ಯಾಂಡು ಸೇರಿ 1,95,000. ಸಬ್ಸಿಡಿ ಕಳೆದು 1,17,000. ತಿಂಗಳಿಗೆ ಸರಾಸರಿ 300 ಯೂನಿಟ್ ಬಳಕೆ. 2025–26ರಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಸರ್‌ಚಾರ್ಜು, ತೆರಿಗೆ ಸೇರಿ ಆರೂವರೆಯ ಆಸುಪಾಸು. ವರ್ಷಕ್ಕೆ 23,400 ಉಳಿತಾಯ, ಐದು ವರ್ಷಕ್ಕೆ ಅಸಲು ವಾಪಸ್. ಆದರೆ ಅದರಲ್ಲಿ ಎರಡು ಬಾಬು ಕೂಡಿಸಬೇಕು. ಹತ್ತು ಹನ್ನೆರಡು ವರ್ಷದ ನಂತರ ಇನ್ವರ್ಟರ್ ಒಮ್ಮೆ ಬದಲಾಯಿಸಬೇಕಾಗಬಹುದು, ಅದಕ್ಕೆ ಇಂದಿನ ಬೆಲೆಯಲ್ಲೇ 30,000 ತೆಗೆದಿಡಿ. ಇನ್ನೊಂದು ನಿಗದಿತ ಶುಲ್ಕ. ಇದು ಮಂಜೂರಾದ ಲೋಡಿನ (ನಿಮ್ಮ ಮನೆಗೆ ಜೆಸ್ಕಾಂ ಒಪ್ಪಿದ ವಿದ್ಯುತ್ ಮಿತಿ) ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ ನೂರು ರೂಪಾಯಿಗೂ ಮೇಲಿದೆ, ಸೋಲಾರ್ ಬಂದರೂ ಹೋಗುವುದಿಲ್ಲ. ನಿಮ್ಮ ಲೋಡ್ 1 ಕಿಲೋವ್ಯಾಟ್ ಇದ್ದು ಸೋಲಾರ್ 3 ಕಿಲೋವ್ಯಾಟ್ ಹಾಕಿಸಿದರೆ ಲೋಡ್ ಏರುತ್ತದೆ, ಶುಲ್ಕವೂ ಏರುತ್ತದೆ. “ಬಿಲ್ ಸೊನ್ನೆ ಆಗುತ್ತದೆ” ಎಂಬ ಮಾತನ್ನು ಈ ಕಾರಣಕ್ಕೆ ನಂಬಬೇಡಿ.

ಹಾಗೆಯೇ ಕರೆಂಟ್ ಮಾರಿ ಹಣ ಮಾಡಬಹುದು ಎಂಬ ಮಾತು. ಹಗಲು ನೀವು ಲೈನಿಗೆ ಬಿಟ್ಟ ಯೂನಿಟ್‌ಗಳನ್ನು ರಾತ್ರಿ ತೆಗೆದುಕೊಂಡ ಯೂನಿಟ್‌ಗಳಿಂದ ಕಳೆಯುತ್ತಾರೆ, ಇದೇ ನೆಟ್ ಮೀಟರಿಂಗ್‌ನ ಲಾಭ. ಕಳೆದು ಮಿಕ್ಕದ್ದಕ್ಕೆ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡಿದ ದರ ಸಿಗುತ್ತದೆ, ಅದು ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಬಳಕೆಗಿಂತ ದೊಡ್ಡದು ಹಾಕಿಸಿದರೆ ನಷ್ಟವೇ.

ಜಿಎಸ್‌ಟಿ ಬಗ್ಗೆ ಎಚ್ಚರವಿರಲಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣದ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಸಾಮಾನು ಮತ್ತು ಕೂಲಿಯ ಪಾಲನ್ನು 70 ಮತ್ತು 30 ಎಂದು ಹಿಡಿಯುವುದರಿಂದ, ಒಟ್ಟು ಕೆಲಸಕ್ಕೆ ನಾನು ಕೊಟ್ಟದ್ದು ಶೇಕಡಾ 13.8, ನೀವು ಕೊಡಬೇಕಾದದ್ದು 8.9. ಹಳೆಯ ದರವನ್ನೇ ಹಾಕಿದ ಕೊಟೇಶನ್ ಬಂದರೆ ತಿದ್ದಿಸಿ.

ಕೈಯಲ್ಲಿ ಹಣವಿಲ್ಲದಿದ್ದರೆ, ಸಾರ್ವಜನಿಕ ವಲಯದ ಬ್ಯಾಂಕುಗಳು 3 ಕಿಲೋವ್ಯಾಟ್‌ವರೆಗಿನ ಮನೆ ಸೋಲಾರ್‌ಗೆ 2 ಲಕ್ಷ ರೂಪಾಯಿ ತನಕ ಅಡಮಾನವಿಲ್ಲದೆ, ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಹೊಂದಿಕೊಂಡ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡುತ್ತವೆ. ಏಜೆನ್ಸಿಯವರು ತರುವ ಖಾಸಗಿ ಫೈನಾನ್ಸ್ ಕಂತಿಗೆ ಸಹಿ ಹಾಕುವ ಮೊದಲು ನಿಮ್ಮ ಬ್ಯಾಂಕಿಗೆ ಒಮ್ಮೆ ಹೋಗಿ ಬನ್ನಿ.

ಆರನೆಯದು: ಒಪ್ಪಂದ ಮತ್ತು ಮುಂಗಡ

ಸಬ್ಸಿಡಿ ನೇರವಾಗಿ ನಿಮ್ಮ ಖಾತೆಗೆ ಬರುತ್ತದೆ. ಏಜೆನ್ಸಿಗೆ ಪೂರ್ತಿ ಹಣ ನೀವು ಮೊದಲು ಕೊಡಬೇಕು. ಕೊಡುವುದನ್ನು ಹಂತ ಹಂತವಾಗಿ ಕೊಡಿ. ನಾನು ಮಾಡಿಕೊಂಡ ಏರ್ಪಾಡು: ಒಪ್ಪಂದದ ದಿನ ಶೇಕಡಾ 20, ಸಾಮಾನು ಮನೆಗೆ ಬಂದು ಎಣಿಸಿಕೊಂಡ ಮೇಲೆ 50, ಕೂರಿಸಿ ಮುಗಿದ ಮೇಲೆ 20, ನೆಟ್ ಮೀಟರ್ ಕೂತು ಚಾಲೂ ಆದ ದಿನ ಉಳಿದ 10. ಈ ಕೊನೆಯ 10 ನಿಮ್ಮ ಕೈಯಲ್ಲಿರುವ ತನಕ ಜೆಸ್ಕಾಂ ಕಚೇರಿಗೆ ಓಡಾಡುವವರು ಅವರೇ. ಎಲ್ಲವನ್ನೂ ಬ್ಯಾಂಕ್ ಮೂಲಕ ಕೊಡಿ, ಬಿಲ್ ಇಲ್ಲದ ನಗದು ಬೇಡ.

ಅರ್ಜಿಯನ್ನು ಏಜೆನ್ಸಿಯವರೇ ಹಾಕಿಕೊಟ್ಟರೂ ಮೊಬೈಲ್ ನಂಬರ್ ನಿಮ್ಮದಾಗಿರಲಿ, ಒಟಿಪಿ ನಿಮಗೇ ಬರಲಿ. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ಈಗ ತಾಂತ್ರಿಕ ಪರಿಶೀಲನೆಯ ವರದಿ ಬೇಕಿಲ್ಲ, ಆದ್ದರಿಂದ ಆ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಯೋಜನೆಯ ಸಹಾಯವಾಣಿ 15555, ಜೆಸ್ಕಾಂ ದೂರಿಗೆ 1912.

ಏಳನೆಯದು: ಕೆಲಸ ನಡೆಯುವ ಎರಡು ದಿನ

ಆ ಎರಡು ದಿನ ಮನೆಯಲ್ಲೇ ಇರಿ. ಪ್ಯಾನೆಲ್ ಬಿಚ್ಚಿದಾಗ ಪ್ರತಿಯೊಂದರ ಹಿಂದಿನ ಸೀರಿಯಲ್ ನಂಬರ್ ಫೋಟೊ ತೆಗೆದು, ಬಿಲ್ ಮತ್ತು ಡಿಸಿಆರ್ ಪ್ರಮಾಣಪತ್ರಕ್ಕೆ ಹೋಲಿಸಿ. ಪ್ಯಾನೆಲ್ ಮೇಲೆ ಕಾಲಿಡಲು ಬಿಡಬೇಡಿ. ಕಣ್ಣಿಗೆ ಕಾಣದ ಸೀಳು ಬಿದ್ದು ವರ್ಷಗಳ ನಂತರ ಉತ್ಪಾದನೆ ಇಳಿಯುತ್ತದೆ. ಛಾವಣಿ ಕೊರೆಯುವ ಬದಲು ಸಿಮೆಂಟ್ ಪೀಠಗಳನ್ನು ಕಟ್ಟಿ ಅದರಲ್ಲಿ ಬೋಲ್ಟ್ ಹೂಡುವ ವಿಧಾನ ಒಳ್ಳೆಯದು. ಕೊರೆಯಲೇಬೇಕಾದರೆ ರಂಧ್ರದೊಳಗೆ ಕೆಮಿಕಲ್ ತುಂಬಿ ಮುಚ್ಚುವುದನ್ನು ನಿಂತು ನೋಡಿ. ಮರುದಿನ ಪೀಠಗಳ ಸುತ್ತ ನೀರು ಕಟ್ಟಿ ಒಂದು ರಾತ್ರಿ ಬಿಡಿ, ಮಳೆಗಾಲದವರೆಗೆ ಕಾಯಬೇಕಿಲ್ಲ. ನಟ್ಟುಗಳನ್ನು ನಿಮ್ಮ ಕೈಯಿಂದಲೇ ಅಲುಗಾಡಿಸಿ ನೋಡಿ.

ನಂತರ ಜೆಸ್ಕಾಂನವರು ಬಂದು ಪರಿಶೀಲಿಸಿ, ಎರಡೂ ದಿಕ್ಕಿನಲ್ಲಿ ಎಣಿಸುವ ಮೀಟರ್ ಕೂರಿಸುತ್ತಾರೆ. ಚಾಲೂ ಆದದ್ದು ಪೋರ್ಟಲ್‌ನಲ್ಲಿ ದಾಖಲಾದ ಮೇಲೆ ಬ್ಯಾಂಕ್ ವಿವರ ತುಂಬಿ. ಯೋಜನೆಯ ಪ್ರಕಾರ 30 ದಿನಗಳೊಳಗೆ ಸಬ್ಸಿಡಿ ಬರಬೇಕು. ಮೊದಲ ಬಿಲ್ಲಿನಲ್ಲಿ ತೆಗೆದುಕೊಂಡ ಯೂನಿಟ್, ಕೊಟ್ಟ ಯೂನಿಟ್ ಎರಡೂ ಬೇರೆ ಬೇರೆ ನಮೂದಾಗಿವೆಯೇ ನೋಡಿ. ಇಲ್ಲದಿದ್ದರೆ ಅದೇ ವಾರ ಬಿಲ್ ಹಿಡಿದು ಕಚೇರಿಗೆ ಹೋಗಿ. ಏಜೆನ್ಸಿ ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಆಗ ಕೈಹಿಡಿಯುವುದು ನೀವು ಬರೆಸಿಕೊಂಡ ಕಾಗದವೇ.

ಇನ್ನು ಧೂಳು

ಶಕ್ತಿನಗರ, ಯರಮರಸ್, ಕುಡತಿನಿಯ ಹತ್ತಿರದವರಿಗೆ ಉಷ್ಣ ವಿದ್ಯುತ್ ಸ್ಥಾವರದ ಬೂದಿ, ಸಂಡೂರು ತೋರಣಗಲ್ಲಿನವರಿಗೆ ಅದಿರಿನ ಕೆಂಪು ಧೂಳು, ಗಿಣಿಗೇರಿಯ ಸುತ್ತಲಿನವರಿಗೆ ಕಾರ್ಖಾನೆಯ ಕಪ್ಪು, ಕಾರಟಗಿ ಗಂಗಾವತಿ ಸಿಂಧನೂರಿನವರಿಗೆ ರೈಸ್ ಮಿಲ್ಲಿನ ಹೊಟ್ಟಿನ ಬೂದಿ. ಇವು ಪ್ಯಾನೆಲ್ ಮೇಲೆ ಕುಳಿತರೆ ಬೆಳಕೇ ಒಳಗೆ ಹೋಗುವುದಿಲ್ಲ. ಏಜೆನ್ಸಿಯ 5 ವರ್ಷದ ನಿರ್ವಹಣೆಯಲ್ಲಿ ವರ್ಷಕ್ಕೆ ಎಷ್ಟು ಸಲ ಬಂದು ನೋಡುತ್ತಾರೆ ಎಂದು ಬರೆಸಿದ್ದರೂ ತೊಳೆಯುವ ಕೆಲಸ ಮನೆಯವರದೇ. ಎತ್ತರದ ಸ್ಟ್ಯಾಂಡು ಹಾಕಿಸುವವರು ಅದರ ಪಕ್ಕಕ್ಕೆ ಒಂದು ಏಣಿ, ನಿಲ್ಲಲು ಒಂದು ಹಲಗೆಯಷ್ಟು ಅಗಲದ ದಾರಿ, ಒಂದು ನಲ್ಲಿ ಇಡಲು ಆಗಲೇ ಹೇಳಿ. ಆಮೇಲೆ ಮಾಡಿಸಿದರೆ ದುಪ್ಪಟ್ಟು.

ನಾವು ಹತ್ತು ಹನ್ನೆರಡು ದಿನಕ್ಕೊಮ್ಮೆ ತೊಳೆಯುತ್ತೇವೆ. ಹೊಸ ಭತ್ತ ಬಂದು ಮಿಲ್ಲುಗಳು ಜೋರಾಗಿ ಓಡುವ ದಿನಗಳಲ್ಲಿ ವಾರಕ್ಕೊಮ್ಮೆ. ಬೆಳಿಗ್ಗೆ ಏಳರ ಒಳಗೆ ಮುಗಿಸಬೇಕು, ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಸೀಳಬಹುದು. ಬೋರಿನ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ, ಒಂದು ವರ್ಷದಲ್ಲಿ ಅದು ಉಜ್ಜಿದರೂ ಹೋಗುವುದಿಲ್ಲ. ಹಾಗಾಗಿ ನಲ್ಲಿಯ ಹೊಳೆ ನೀರನ್ನು ಎರಡು ಕೊಡ ಹಿಂದಿನ ರಾತ್ರಿಯೇ ಮಾಳಿಗೆಗೆ ಏರಿಸಿಟ್ಟಿರುತ್ತೇವೆ. ಮೆತ್ತನೆಯ ಬಟ್ಟೆ ಕಟ್ಟಿದ ಉದ್ದ ಕೋಲು, ಎರಡು ಕೊಡ ನೀರು, ಇಪ್ಪತ್ತು ನಿಮಿಷ. ತೊಳೆದ ದಿನ ಮೊಬೈಲ್‌ನಲ್ಲಿ ಉತ್ಪಾದನೆ ನೋಡಿದರೆ ಹಿಂದಿನ ದಿನಕ್ಕಿಂತ ಒಂದೂವರೆ ಯೂನಿಟ್ ಹೆಚ್ಚಿಗೆ ತೋರಿಸುತ್ತದೆ.